ಕಂಪ್ಯೂಟರಿನೊಳಗಿನ ಜೀವಕೋಶ: ಯಾವ ಪ್ರಶ್ನೆಗೆ ಎಷ್ಟು ನಂಬಬಹುದು?

2025ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಮೂರು ಸುದ್ದಿ ಬಂದವು. ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಯೋಜನೆ ಪ್ರಕಟಿಸಿತು. ಮೊನೊಕ್ಲೋನಲ್ ಆ್ಯಂಟಿಬಾಡಿ (ದೇಹದಲ್ಲಿ ಒಂದೇ ಗುರಿಗೆ ಹೋಗಿ ಅಂಟುವಂತೆ ತಯಾರಿಸಿದ ಪ್ರೋಟೀನ್ ಮದ್ದು) ಮತ್ತಿತರ ಔಷಧಗಳಿಗೆ ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ಹಂತಹಂತವಾಗಿ ಬಿಡೋಣ, ಅದರ ಜಾಗಕ್ಕೆ ದೇಹದ ಕೆಲಸವನ್ನು ಲೆಕ್ಕದಲ್ಲಿ ಅನುಕರಿಸುವ ಕಂಪ್ಯೂಟರ್ ಮಾದರಿಗಳು, ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಅಂಗಾಂಶಗಳು ಬರಲಿ ಎಂದಿತು. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಆರ್ಕ್ ಇನ್‌ಸ್ಟಿಟ್ಯೂಟ್ ತನ್ನ ಮೊದಲ 'ವರ್ಚುವಲ್ ಸೆಲ್' ಎಐ ಮಾದರಿಯನ್ನು ಹೊರತಂದಿತು. ಆಗಸ್ಟ್‌ನಲ್ಲಿ 'ನೇಚರ್ ಮೆಥಡ್ಸ್' ಪತ್ರಿಕೆಯಲ್ಲಿ ಬೇರೊಂದು ತಂಡದ ಪ್ರಬಂಧ ಬಂತು. ಅದಕ್ಕೂ ಮುಂಚೆ ಹೆಸರು ಮಾಡಿದ್ದ ಹಲವು ಎಐ ಮಾದರಿಗಳನ್ನು ಈ ತಂಡ ಪರೀಕ್ಷೆಗೆ ಒಡ್ಡಿತ್ತು. ಜೀನ್‌ಗಳ ಕೆಲಸವನ್ನು ಬದಲಿಸಿದರೆ ಕೋಶದಲ್ಲಿ ಏನಾಗುತ್ತದೆ ಎಂದು ಊಹಿಸುವುದರಲ್ಲಿ, ಸುಮ್ನೆ ಕೂಡಿಸಿ ನೋಡುವಂಥ ಸರಳ ಲೆಕ್ಕವನ್ನೂ ಅವು ಮೀರಿಸಲಿಲ್ಲ.

ಓದುವವರಿಗೆ ಗೊಂದಲ ಆಗುವುದು ಸಹಜ. ಒಂದು ಕಡೆ ಪ್ರಾಣಿಗಳ ಬದಲು ಕಂಪ್ಯೂಟರ್ ಸಾಕು ಎನ್ನುವ ಮಾತು. ಇನ್ನೊಂದು ಕಡೆ ಕೂಡುವ ಲೆಕ್ಕವನ್ನೂ ಸೋಲಿಸಲಾಗದ ಕಂಪ್ಯೂಟರ್. ಎರಡೂ ಹೇಗೆ ನಿಜವಾಗಲು ಸಾಧ್ಯ? ಸಾಧ್ಯವಿದೆ. 'ಮಾದರಿ' ಎಂಬ ಒಂದೇ ಹೆಸರಿನಲ್ಲಿ ಬಹಳ ಬೇರೆ ಬೇರೆ ವಸ್ತುಗಳು ಓಡಾಡುತ್ತಿವೆ. ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡಲು ಕಟ್ಟಿದ್ದು ಎಂದು ಸುದ್ದಿ ಹೇಳುವುದಿಲ್ಲ. ಅದನ್ನು ಬಿಡಿಸಿ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ನರ, ನಾಲ್ಕು ಸಮೀಕರಣ

ಜೀವಶಾಸ್ತ್ರದ ಮಾದರಿಗಳಲ್ಲಿ ಇವತ್ತಿಗೂ ಎಲ್ಲರೂ ತಲೆಬಾಗುವುದು 1952ರ ಒಂದು ಕೆಲಸಕ್ಕೆ. ಬ್ರಿಟನ್ನಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ, ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದರು. ಅವರು ಆರಿಸಿಕೊಂಡದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತು. ಅದು ಒಂದು ಮಿಲಿಮೀಟರಿನಷ್ಟು ಅಗಲ ಇರಬಲ್ಲದು. ಹಾಗಾಗಿ ಒಳಗೆ ತಂತಿಯನ್ನೇ ತೂರಿಸಬಹುದು.

ಅವರ ಉಪಾಯವನ್ನು ಹತ್ತಿರದಿಂದ ನೋಡಬೇಕು. ನರದಲ್ಲಿ ಸಂಕೇತ ಹುಟ್ಟುವಾಗ ವೋಲ್ಟೇಜ್ ಏರುತ್ತದೆ. ವೋಲ್ಟೇಜ್ ಏರಿದರೆ ಸೋಡಿಯಂ ಒಳಗೆ ನುಗ್ಗುತ್ತದೆ. ಸೋಡಿಯಂ ನುಗ್ಗಿದರೆ ವೋಲ್ಟೇಜ್ ಇನ್ನೂ ಏರುತ್ತದೆ. ಸ್ವಲ್ಪ ತಡವಾಗಿ ಪೊಟ್ಯಾಸಿಯಂ ಹೊರಗೆ ಹರಿದು ಅದನ್ನು ಇಳಿಸುತ್ತದೆ. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದೇ ಕಷ್ಟ. ಆದ್ದರಿಂದ ಅವರು ವೋಲ್ಟೇಜನ್ನು ಯಂತ್ರದಿಂದ ಒಂದೇ ಮಟ್ಟದಲ್ಲಿ ಹಿಡಿದಿಟ್ಟು, ಆ ಮಟ್ಟದಲ್ಲಿ ಎಷ್ಟು ಕರೆಂಟು ಹರಿಯುತ್ತದೆ ಎಂದು ಅಳೆದರು. ಹೊರಗಿನ ನೀರಿನಿಂದ ಸೋಡಿಯಂ ತೆಗೆದು, ಹಾಗೆ ಒಳಗೆ ನುಗ್ಗದ ಕೋಲೀನ್ ಎಂಬ ವಸ್ತುವನ್ನು ಹಾಕಿ ಮತ್ತೆ ಅಳೆದರು. ಎರಡು ಅಳತೆಗಳ ವ್ಯತ್ಯಾಸದಿಂದ ಸೋಡಿಯಂನ ಪಾಲು ಎಷ್ಟು, ಪೊಟ್ಯಾಸಿಯಂನದು ಎಷ್ಟು ಎಂದು ಗೊತ್ತಾಯಿತು. ಮಟ್ಟ ಬದಲಿಸುತ್ತಾ ಇದನ್ನೇ ಮತ್ತೆ ಮತ್ತೆ ಮಾಡಿದರು. ಆ ಅಂಕಿಗಳಿಗೆ ಸಮೀಕರಣ ಕೂರಿಸಿದರು.

ಆಮೇಲೆ ಕಾಗದದ ಮೇಲೆ ಆ ಹಿಡಿತವನ್ನು ಬಿಟ್ಟರು. ಈಗ ವೋಲ್ಟೇಜ್ ತನ್ನಷ್ಟಕ್ಕೆ ಏರಿಳಿಯಲಿ ಎಂದು ಲೆಕ್ಕ ಹಾಕಿದರೆ ಏನಾಗುತ್ತದೆ? ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಸಿಗುವ ಹಾಗಿರಲಿಲ್ಲ. ಹಕ್ಸ್‌ಲಿ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಪೂರ್ತಿ ಲೆಕ್ಕ ಮಾಡಿದರು. ನರದ ಸಂಕೇತ ಅದರ ಆಕಾರ ಸಮೇತ ಮೂಡಿ ಬಂತು. ಅದು ಎಷ್ಟು ವೇಗದಲ್ಲಿ ಓಡಬೇಕು ಎಂದೂ ಲೆಕ್ಕ ಹೇಳಿತು: ಸೆಕೆಂಡಿಗೆ 18.8 ಮೀಟರ್. ನಿಜವಾದ ನರದಲ್ಲಿ ಅಳೆದದ್ದು 21.2 ಮೀಟರ್.

ಈ ಹತ್ತಿರದ ಹೊಂದಿಕೆ ಯಾಕೆ ಅಷ್ಟು ದೊಡ್ಡದು? ಆ ವೇಗವನ್ನಾಗಲಿ, ಸಂಕೇತದ ಆಕಾರವನ್ನಾಗಲಿ ಅವರು ಮಾದರಿಯೊಳಗೆ ಹಾಕಿರಲೇ ಇಲ್ಲ. ಒಳಗೆ ಹಾಕಿದ್ದು ಹಿಡಿದಿಟ್ಟ ವೋಲ್ಟೇಜಿನ ಅಳತೆಗಳು ಮಾತ್ರ. ಹೊರಗೆ ಬಂದದ್ದು ಬೇರೆಯೇ ಸನ್ನಿವೇಶದ ಉತ್ತರ. ಸೋಡಿಯಂ, ಪೊಟ್ಯಾಸಿಯಂ ಹೋಗುವ ಬಾಗಿಲುಗಳನ್ನು ಆಗ ಯಾರೂ ಕಂಡಿರಲಿಲ್ಲ. ಪೊಟ್ಯಾಸಿಯಂನ ಅಂಕಿಗಳಿಗೆ ಸಮೀಕರಣ ಸರಿಯಾಗಿ ಕೂರಬೇಕಾದರೆ ನಾಲ್ಕು ತುಣುಕುಗಳು ಒಟ್ಟಿಗೆ ತೆರೆಯಬೇಕಿತ್ತು. 1998ರಲ್ಲಿ ರೊಡೆರಿಕ್ ಮೆಕಿನ್ನನ್ ತಂಡ ಅಂಥ ಒಂದು ಬಾಗಿಲಿನ, ಅಂದರೆ ಪೊಟ್ಯಾಸಿಯಂ ಚಾನೆಲ್‌ನ, ರಚನೆಯನ್ನು ಬಿಡಿಸಿ ತೋರಿಸಿದಾಗ ಅದರಲ್ಲಿ ನಾಲ್ಕು ಉಪಘಟಕಗಳೇ ಇದ್ದವು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿಗೆ 1963ರಲ್ಲೇ ನೊಬೆಲ್ ಬಂದಿತ್ತು.

ಮುಂದೆ ಬರುವ ಎಲ್ಲ ಮಾದರಿಗಳನ್ನೂ ಈ ಅಳತೆಗೋಲಿನಿಂದ ನೋಡಬಹುದು. ತನಗೆ ತೋರಿಸದೇ ಇದ್ದದ್ದನ್ನು ಅದು ಸರಿಯಾಗಿ ಹೇಳಿತಾ?

ಏನನ್ನು ಬಿಡಬೇಕು ಎಂಬ ತೀರ್ಮಾನ

ಮಾದರಿ ಕಟ್ಟುವುದು ಎಂದರೆ ಇರುವುದನ್ನೆಲ್ಲ ಕಂಪ್ಯೂಟರಿಗೆ ತುಂಬುವುದು ಎಂಬ ಭಾವನೆ ಇದೆ. ನಿಜವಾದ ಕೆಲಸ ಶುರುವಾಗುವುದು ಬಿಡುವುದರಿಂದ. ನರದ ಮಾದರಿಯಲ್ಲಿ ಡಿಎನ್‌ಎ ಇಲ್ಲ, ಪ್ರೋಟೀನ್ ತಯಾರಿ ಇಲ್ಲ. ಮಿಲಿಸೆಕೆಂಡುಗಳ ಪ್ರಶ್ನೆಗೆ ಅವು ಬೇಕಾಗಿಲ್ಲ. ಪ್ರಶ್ನೆ ಬದಲಾದರೆ ಬಿಡಬಹುದಾದದ್ದೂ ಬದಲಾಗುತ್ತದೆ.

ಲೆಕ್ಕದ ದಾರಿಯೂ ಪ್ರಶ್ನೆಯನ್ನೇ ಅವಲಂಬಿಸುತ್ತದೆ. ಒಂದು ವಸ್ತುವಿನ ಅಣುಗಳು ಲಕ್ಷಗಟ್ಟಲೆ ಇದ್ದರೆ, ಅದರ ಪ್ರಮಾಣ ಕ್ಷಣಕ್ಷಣಕ್ಕೆ ಹೇಗೆ ಬದಲಾಗುತ್ತದೆ ಎಂದು ನಯವಾದ ಸಮೀಕರಣದಲ್ಲಿ ಬರೆಯಬಹುದು. ಒಂದು ಬ್ಯಾಕ್ಟೀರಿಯಾದಲ್ಲಿ ಯಾವುದೋ ಜೀನ್‌ನ ಸಂದೇಶ ಹೊತ್ತ ಆರ್‌ಎನ್‌ಎ ಒಂದೋ ಎರಡೋ ಮಾತ್ರ ಇದ್ದರೆ ಅದು ಆಗುವುದಿಲ್ಲ. ಒಂದೂವರೆ ಅಣು ಎಂಬುದು ಇಲ್ಲವಲ್ಲ. ಅಲ್ಲಿ ಆಕಸ್ಮಿಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1970ರ ದಶಕದಲ್ಲಿ ಡೇನಿಯಲ್ ಗಿಲೆಸ್ಪಿ ಇದಕ್ಕೊಂದು ವಿಧಾನ ಕೊಟ್ಟರು. ಮುಂದಿನ ರಾಸಾಯನಿಕ ಕ್ರಿಯೆ ಯಾವಾಗ, ಯಾವುದು ಎಂದು ಸಂಭವದ ಪ್ರಕಾರ ಚೀಟಿ ಎತ್ತಿದ ಹಾಗೆ ಆರಿಸುತ್ತಾ ಹೋಗುವ ಲೆಕ್ಕ ಅದು. ಇನ್ನು ಸಾವಿರಾರು ಕ್ರಿಯೆಗಳಿದ್ದು ಅವುಗಳ ವೇಗವೇ ಗೊತ್ತಿಲ್ಲದಿದ್ದರೆ ಮೂರನೇ ದಾರಿ ಇದೆ. ಕೋಶದೊಳಗೆ ಬಂದದ್ದೂ ಹೋದದ್ದೂ ಸಮ ಇರಬೇಕು ಎಂಬ ನಿಯಮ ಇಟ್ಟುಕೊಂಡು, ಕೋಶ ಅತಿ ಹೆಚ್ಚು ಬೆಳೆಯಲು ಯಾವ ದಾರಿಯಲ್ಲಿ ಎಷ್ಟು ಹರಿಯಬೇಕು ಎಂದು ಹುಡುಕುತ್ತಾರೆ.

ಇಡೀ ಕೋಶವನ್ನೇ ಕಟ್ಟಲು ಹೊರಟಾಗ

2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕಸ್ ಕೋವರ್ಟ್ ತಂಡ ಈ ದಾರಿಗಳನ್ನೆಲ್ಲ ಒಂದೇ ಮಾದರಿಯಲ್ಲಿ ಸೇರಿಸಿತು. ಜೀವಿ: ಮೈಕೋಪ್ಲಾಸ್ಮಾ ಜೆನಿಟೇಲಿಯಮ್ ಎಂಬ ಬ್ಯಾಕ್ಟೀರಿಯಾ. ಇದರಲ್ಲಿರುವುದು 525 ಜೀನ್ ಮಾತ್ರ. ಕೋಶದ ಕೆಲಸವನ್ನು 28 ಭಾಗ ಮಾಡಿ, ಪ್ರತಿ ಭಾಗಕ್ಕೂ ಹೊಂದುವ ಗಣಿತವನ್ನು ಹಾಕಿದರು. ಪ್ರತಿ ಸೆಕೆಂಡಿಗೊಮ್ಮೆ 28 ಭಾಗಗಳೂ ತಮ್ಮ ಲೆಕ್ಕವನ್ನು ಒಂದೆಡೆ ಸೇರಿಸುತ್ತವೆ, ಅಲ್ಲಿಂದ ಮುಂದಿನ ಸೆಕೆಂಡು ಶುರು. ಇದಕ್ಕೆ ಬೇಕಾದ 1,900ಕ್ಕೂ ಹೆಚ್ಚು ಅಂಕಿಗಳನ್ನು 900ಕ್ಕೂ ಹೆಚ್ಚು ಪ್ರಬಂಧಗಳಿಂದ ಹೆಕ್ಕಿದರು. ಅವುಗಳಲ್ಲಿ ಎಷ್ಟೋ ಅಂಕಿಗಳು ಬೇರೆ ಬ್ಯಾಕ್ಟೀರಿಯಾಗಳವು.

2020ರಲ್ಲಿ ಅದೇ ಗುಂಪು ಇ. ಕೋಲಿ ಬ್ಯಾಕ್ಟೀರಿಯಾದ ದೊಡ್ಡ ಮಾದರಿಯನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಈ ಸಲ 19,000ಕ್ಕೂ ಹೆಚ್ಚು ಅಂಕಿಗಳು. ಅಷ್ಟಿದ್ದರೂ ಕೆಲಸ ಚೆನ್ನಾಗಿ ಗೊತ್ತಿರುವ ಜೀನ್‌ಗಳಲ್ಲಿ ಶೇ. 43ರಷ್ಟು ಮಾತ್ರ ಒಳಗೆ ಬಂದವು. ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನವಾದ ಜೀವಿಗಳಲ್ಲಿ ಇದೂ ಒಂದು ಎಂಬುದು ನೆನಪಿರಲಿ.

ಆದರೆ ಈ ಮಾದರಿಯಿಂದ ಸಿಕ್ಕ ಒಂದು ಫಲಿತಾಂಶ ನನ್ನ ಪ್ರಕಾರ ಬಹಳ ಬೆಲೆಯುಳ್ಳದ್ದು. ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಷ್ಟಿವೆ, ಎಷ್ಟು ವೇಗವಾಗಿ ಕೆಲಸ ಮಾಡುತ್ತವೆ ಎಂದು ಒಂದು ಲ್ಯಾಬ್ ಅಳೆದಿತ್ತು. ಆರ್‌ಎನ್‌ಎ ತಯಾರಿಸುವ ಯಂತ್ರದ ಬಗ್ಗೆ ಇನ್ನೊಂದು ಲ್ಯಾಬ್. ಕೋಶ ಎಷ್ಟು ಹೊತ್ತಿಗೆ ಎರಡಾಗುತ್ತದೆ ಎಂದು ಮತ್ತೊಂದು. ಬಿಡಿಯಾಗಿ ನೋಡಿದರೆ ಯಾವುದರಲ್ಲೂ ತಪ್ಪು ಕಾಣಲಿಲ್ಲ. ಎಲ್ಲವನ್ನೂ ಒಂದೇ ಕೋಶದೊಳಗೆ ಸೇರಿಸಿ ಓಡಿಸಿದಾಗ, ಅಳೆದಷ್ಟು ರೈಬೋಸೋಮುಗಳೂ ಆ ಯಂತ್ರಗಳೂ ಸೇರಿ, ಅಳೆದಷ್ಟು ಹೊತ್ತಿನಲ್ಲಿ ಕೋಶವನ್ನು ಎರಡು ಮಾಡಲು ಸಾಲಲಿಲ್ಲ. ಅಂದರೆ ದಶಕಗಳ ಕಾಲ ಪುಸ್ತಕಗಳಲ್ಲಿದ್ದ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಬೇರೆ ಬೇರೆ ಖಾತೆಗಳನ್ನು ಒಟ್ಟಿಗೆ ಇಟ್ಟು ಕೂಡಿದಾಗ ಮಾತ್ರ ವ್ಯತ್ಯಾಸ ಕಾಣುವ ಹಾಗೆ ಇದು. ಯಾವ ಅಳತೆಯನ್ನು ಮತ್ತೆ ಮಾಡಬೇಕು ಎಂದು ಮಾದರಿ ಬೆರಳಿಟ್ಟು ತೋರಿಸಿತು.

ಇಲ್ಲಿಂದ ಮನುಷ್ಯರ ಕೋಶಕ್ಕೆ ಜಿಗಿಯುವುದು ಸಣ್ಣ ಹೆಜ್ಜೆಯಲ್ಲ. ಪ್ರೋಟೀನ್ ಮಾಡುವ ಜೀನ್‌ಗಳೇ ಸುಮಾರು 20,000. ಒಂದೊಂದು ಅಂಗದ ಕೋಶವೂ ಬೇರೆ.

ಅಂಕಿಗಳು ಜಾಸ್ತಿಯಾದಷ್ಟೂ ಬರುವ ತೊಡಕು

ಮಾದರಿಯಲ್ಲಿ ನೂರಾರು ಗೊತ್ತಿಲ್ಲದ ಅಂಕಿಗಳಿದ್ದರೆ, ಪ್ರಯೋಗದ ಫಲಿತಾಂಶಕ್ಕೆ ಹೊಂದುವ ಹಾಗೆ ಅವನ್ನು ತಿರುಗಿಸಿ ಕೂರಿಸುವುದು ರೂಢಿ. 2007ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟವಾಗಿದ್ದ 17 ಮಾದರಿಗಳನ್ನು ತೆಗೆದುಕೊಂಡು ಈ ಅಂಕಿಗಳನ್ನು ಅಲುಗಾಡಿಸಿ ನೋಡಿದರು. ಎಲ್ಲ 17ರಲ್ಲೂ ಒಂದೇ ಲಕ್ಷಣ. ಕೆಲವೇ ಅಂಕಿಗಳ ಹೊಂದಾಣಿಕೆ ಬಿಗಿಯಾಗಿರಬೇಕು, ಉಳಿದವನ್ನು ಎಷ್ಟೋ ಪಟ್ಟು ಹೆಚ್ಚುಕಡಿಮೆ ಮಾಡಿದರೂ ಉತ್ತರ ಹೆಚ್ಚು ಬದಲಾಗುವುದಿಲ್ಲ.

ಇದರಿಂದ ಒಂದು ಒಳ್ಳೆಯದೂ ಒಂದು ಕೆಟ್ಟದ್ದೂ ಇದೆ. ಎಲ್ಲ ಅಂಕಿಗಳೂ ಕರಾರುವಾಕ್ಕಾಗಿ ಗೊತ್ತಿಲ್ಲದಿದ್ದರೂ ಭವಿಷ್ಯ ಹೇಳಬಹುದು ಎಂಬುದು ಒಳ್ಳೆಯದು. ಪ್ರಯೋಗಕ್ಕೆ ಹೊಂದಿದ ಮಾತ್ರಕ್ಕೆ ಒಳಗಿನ ಕಾರ್ಯವಿಧಾನ ಸರಿ ಎಂದು ಹೇಳಲಾಗದು ಎಂಬುದು ಕೆಟ್ಟದ್ದು. ಬೇರೆ ಅಂಕಿಗಳ ಬೇರೆ ಮಾದರಿಯೂ ಅಷ್ಟೇ ಚೆನ್ನಾಗಿ ಹೊಂದಬಹುದು.

ಇನ್ನೊಂದು ಸಮಸ್ಯೆ ಶಿಸ್ತಿನದು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 455 ಮಾದರಿಗಳನ್ನು ಅವುಗಳ ಪ್ರಬಂಧದಲ್ಲಿ ಕೊಟ್ಟ ವಿವರದಿಂದಲೇ ಮತ್ತೆ ಓಡಿಸಲು ನೋಡಿದರು. ಸುಮಾರು ಅರ್ಧದಷ್ಟು ಹಾಗೇ ಓಡಲಿಲ್ಲ. ಎಲ್ಲೋ ಒಂದು ಅಂಕಿ ಬಿಟ್ಟುಹೋಗಿತ್ತು, ಎಲ್ಲೋ ಸಮೀಕರಣವೇ ತಪ್ಪಾಗಿ ಅಚ್ಚಾಗಿತ್ತು. ಔಷಧದ ತೀರ್ಮಾನಕ್ಕೆ ಇಂಥವನ್ನು ಬಳಸುವುದಾದರೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಎಐ ಬಂದದ್ದು ಬೇರೆ ದಾರಿಯಲ್ಲಿ

ಇಷ್ಟು ಹೊತ್ತು ಹೇಳಿದ್ದು ಕಾರ್ಯವಿಧಾನವನ್ನು ಬರೆದು ಕಟ್ಟಿದ ಮಾದರಿಗಳ ಕಥೆ. ಎಐ ಮಾದರಿಗೆ ಯಾರೂ ಕಾರ್ಯವಿಧಾನ ಹೇಳಿಕೊಡುವುದಿಲ್ಲ. ಡೇಟಾ ತೋರಿಸುತ್ತಾರೆ, ಅದು ತಾನೇ ನಂಟುಗಳನ್ನು ಕಲಿಯುತ್ತದೆ.

ಈ ದಾರಿಗೆ ಬಲ ಬಂದದ್ದು ಆಲ್ಫಾಫೋಲ್ಡ್ ಎಂಬ ಎಐ ಮಾದರಿಯಿಂದ. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂದು ಅದು 2020ರ ಸ್ಪರ್ಧೆಯಲ್ಲಿ ಅಚ್ಚರಿ ಹುಟ್ಟಿಸುವಷ್ಟು ಸರಿಯಾಗಿ ಹೇಳಿತು. 2024ರಲ್ಲಿ ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇದೇ ರೀತಿ ಕೋಶವನ್ನೂ ಗೆಲ್ಲಬಹುದು ಎಂಬ ಉತ್ಸಾಹ ಅಲ್ಲಿಂದಲೇ ಹುಟ್ಟಿದ್ದು.

ಆದರೆ ಆಲ್ಫಾಫೋಲ್ಡ್ ಗೆದ್ದ ಕಾರಣಗಳನ್ನು ಒಂದೊಂದಾಗಿ ನೋಡಿ. 1971ರಿಂದ ಪ್ರೋಟೀನ್ ರಚನೆಗಳನ್ನು ಒಂದೇ ಭಂಡಾರದಲ್ಲಿ ಕೂಡಿಡಲಾಗಿತ್ತು, ಆ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ರಚನೆಗಳು ಕೈಯಲ್ಲಿದ್ದವು. ಬಹುತೇಕ ಪ್ರೋಟೀನ್‌ಗಳಿಗೆ ಹೆಚ್ಚುಕಡಿಮೆ ಒಂದೇ ಸರಿ ಉತ್ತರ ಇರುತ್ತದೆ. 1994ರಿಂದ ಎರಡು ವರ್ಷಕ್ಕೊಮ್ಮೆ ಉತ್ತರ ಮುಚ್ಚಿಟ್ಟು ನಡೆಸುವ ಸ್ಪರ್ಧೆ ಇತ್ತು, ಹಾಗಾಗಿ ಯಾರೂ ತಮಗೆ ತಾವೇ ಅಂಕ ಕೊಟ್ಟುಕೊಳ್ಳುವಂತಿರಲಿಲ್ಲ.

ಕೋಶಕ್ಕೆ ಈ ಅನುಕೂಲಗಳಿಲ್ಲ. ಒಂದೇ ಜೀನ್ ಕೆಡಿಸಿದರೂ ಯಕೃತ್ತಿನ ಕೋಶ ಒಂದು ರೀತಿ, ರಕ್ತದ ಕೋಶ ಇನ್ನೊಂದು ರೀತಿ ಪ್ರತಿಕ್ರಿಯಿಸುತ್ತದೆ. ಅದಕ್ಕಿಂತ ದೊಡ್ಡ ಅಡ್ಡಿ ಅಳೆಯುವ ವಿಧಾನದಲ್ಲೇ ಇದೆ. ಒಂದು ಕೋಶದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಲು ಆ ಕೋಶವನ್ನು ಒಡೆದು ಆರ್‌ಎನ್‌ಎ ತೆಗೆಯಬೇಕು. ಒಡೆದ ಮೇಲೆ ಅದು ಸತ್ತಿತು. ಅದೇ ಕೋಶ ಮೊದಲು ಹೇಗಿತ್ತು, ಮದ್ದು ಹಾಕಿದ ಮೇಲೆ ಹೇಗಾಯಿತು ಎಂಬ ಜೋಡಿ ಅಳತೆ ಸಿಗುವುದಿಲ್ಲ. ಮದ್ದು ಹಾಕದ ಗುಂಪನ್ನೂ ಹಾಕಿದ ಗುಂಪನ್ನೂ ಹೋಲಿಸಿ ಊಹಿಸಬೇಕಷ್ಟೆ.

ಸರಳ ಲೆಕ್ಕ ಗೆದ್ದದ್ದು ಹೇಗೆ ಎಂಬುದಕ್ಕೂ ಇಲ್ಲೇ ಸುಳಿವಿದೆ. ಒಂದು ಜೀನನ್ನು ಚುರುಕುಗೊಳಿಸಿದಾಗ ಆದ ಬದಲಾವಣೆ ಗೊತ್ತು, ಇನ್ನೊಂದರದ್ದೂ ಗೊತ್ತು. ಎರಡನ್ನೂ ಒಟ್ಟಿಗೆ ಚುರುಕುಗೊಳಿಸಿದರೆ? ಎರಡು ಬದಲಾವಣೆಗಳನ್ನು ಕೂಡಿಬಿಡಿ. ಬಹುತೇಕ ಜೋಡಿಗಳು ಒಂದರ ಕೆಲಸದಲ್ಲಿ ಇನ್ನೊಂದು ಹೆಚ್ಚು ಕೈಹಾಕುವುದಿಲ್ಲವಾದ್ದರಿಂದ ಈ ಉತ್ತರ ಸಾಮಾನ್ಯವಾಗಿ ಸರಿಯಾಗುತ್ತದೆ. ಎಐ ತನ್ನ ಬೆಲೆ ತೋರಿಸಬೇಕಾದದ್ದು ಕೂಡಿಕೆ ಸುಳ್ಳಾಗುವ ಅಪರೂಪದ ಜೋಡಿಗಳಲ್ಲಿ. ಕಲಿಯಲು ಉದಾಹರಣೆ ಕಡಿಮೆ ಇರುವುದೂ ಅಲ್ಲೇ. 20,000 ಜೀನ್‌ಗಳಿಂದ ಸುಮಾರು 20 ಕೋಟಿ ಜೋಡಿಗಳಾಗುತ್ತವೆ. ಅವುಗಳಲ್ಲಿ ಅಳೆದಿರುವುದು ತೀರಾ ಸ್ವಲ್ಪ.

ಎಐ ಪರವಾದವರು ಇದಕ್ಕೆ ಕೊಡುವ ಉತ್ತರ ಡೇಟಾ ಕಡಿಮೆಯಾಯಿತು ಎಂಬುದು. ಆ ದಿಕ್ಕಿನಲ್ಲಿ ಕೆಲಸವೂ ಜೋರಾಗಿದೆ. 2025ರಲ್ಲಿ ಹೊರಬಂದ ಟಾಹೋ-100ಎಂ ಎಂಬ ಸಂಗ್ರಹದಲ್ಲಿ ಮದ್ದುಗಳಿಗೆ ಒಡ್ಡಿದ 10 ಕೋಟಿ ಕೋಶಗಳ ಅಳತೆಗಳಿವೆ. ಟೀಕಿಸುವವರು ಹೇಳುವುದು, ಕೋಶಗಳ ಸಂಖ್ಯೆ ಎಷ್ಟೇ ಇರಲಿ, ಅವು ಕೆಲವೇ ಬಗೆಯ ಕ್ಯಾನ್ಸರ್ ಕೋಶಗಳಾಗಿದ್ದರೆ ಕಲಿಯುವುದೂ ಅಷ್ಟೇ ಎಂದು. ನನಗೆ ಎರಡನೇ ಮಾತಿನಲ್ಲಿ ಹೆಚ್ಚು ಹುರುಳು ಕಾಣುತ್ತದೆ. ಆಲ್ಫಾಫೋಲ್ಡ್‌ಗೆ ನೆರವಾದದ್ದು ಡೇಟಾದ ಪ್ರಮಾಣಕ್ಕಿಂತ ಅದರ ವೈವಿಧ್ಯ.

ಹಾಗಾದರೆ ಪ್ರಾಣಿಗಳ ಬದಲು ಮಾದರಿ?

ಇದು ಈಗಾಗಲೇ ಒಂದು ಕಡೆ ಆಗಿದೆ. 2008ರಲ್ಲೇ ಎಫ್‌ಡಿಎ, ಟೈಪ್ 1 ಮಧುಮೇಹದ ಒಂದು ಮಾದರಿಯನ್ನು ಪ್ರಾಣಿ ಪರೀಕ್ಷೆಯ ಬದಲಿಗೆ ಒಪ್ಪಿಕೊಂಡಿತು. ವರ್ಜೀನಿಯಾ ಮತ್ತು ಪಡೋವಾ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಮಾದರಿ ಅದು. ಅದರೊಳಗೆ ದೊಡ್ಡವರು, ಹದಿಹರೆಯದವರು, ಮಕ್ಕಳು ಸೇರಿ 300 ಕಾಲ್ಪನಿಕ ರೋಗಿಗಳಿದ್ದಾರೆ. ಇನ್ಸುಲಿನ್ ಪಂಪನ್ನು ತಾನಾಗಿ ನಡೆಸುವ ತಂತ್ರಾಂಶವನ್ನು ಮೊದಲು ಇವರ ಮೇಲೆ ಓಡಿಸಿ, ಆಮೇಲೆ ಮನುಷ್ಯರ ಮೇಲಿನ ಪ್ರಯೋಗಕ್ಕೆ ಹೋಗಬಹುದು. ಯಾಕೆ ಒಪ್ಪಿದರು? ಪ್ರಶ್ನೆ ಕಿರಿದಾಗಿತ್ತು. ಸಕ್ಕರೆ, ಇನ್ಸುಲಿನ್, ಇವೆರಡರ ಏರಿಳಿತ, ಅಷ್ಟೇ. ಅದರ ಕಾರ್ಯವಿಧಾನ ಗೊತ್ತಿತ್ತು, ಮನುಷ್ಯರಲ್ಲೇ ಅಳೆದ ಅಂಕಿಗಳೂ ಇದ್ದವು.

ಹೃದಯದಲ್ಲೂ ಹೀಗೆಯೇ. ಡೆನಿಸ್ ನೋಬಲ್ 1960ರಲ್ಲಿ ನರದ ಸಮೀಕರಣಗಳನ್ನು ಹೃದಯದ ಕೋಶಕ್ಕೆ ಹೊಂದಿಸಿದರು. ಆ ವಂಶದ ಮಾದರಿಗಳು ಈಗ, ಹೊಸ ಮದ್ದೊಂದು ಹೃದಯದ ಬಡಿತವನ್ನು ಅಪಾಯಕಾರಿಯಾಗಿ ಕೆಡಿಸುತ್ತದೆಯೇ ಎಂದು ನೋಡಲು ಬಳಕೆಯಾಗುತ್ತಿವೆ. ಇಲ್ಲಿ ಇಲಿಗಿಂತ ಮಾದರಿಯೇ ಮೇಲು. ಇಲಿಯ ಹೃದಯ ನಿಮಿಷಕ್ಕೆ ನೂರಾರು ಸಲ ಬಡಿಯುತ್ತದೆ. ಅದರ ಪೊಟ್ಯಾಸಿಯಂ ಕರೆಂಟುಗಳೂ ನಮ್ಮವುಗಳ ಹಾಗಿಲ್ಲ.

ಈಗ ಕಷ್ಟದ ಉದಾಹರಣೆ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಮದ್ದನ್ನು ಮೊದಲ ಬಾರಿ ಆರು ಮಂದಿಗೆ ಕೊಟ್ಟರು. ಕೋತಿಗಳಲ್ಲಿ ಅದು ಏನೂ ತೊಂದರೆ ಮಾಡಿರಲಿಲ್ಲ. ಆರೂ ಮಂದಿಗೆ ರೋಗನಿರೋಧಕ ವ್ಯವಸ್ಥೆ ಸಿಡಿದು, ಅಂಗಾಂಗಗಳು ಸೋತು, ತೀವ್ರ ನಿಗಾ ಘಟಕ ಸೇರಬೇಕಾಯಿತು. ಪ್ರಾಣಿ ಪರೀಕ್ಷೆ ಮನುಷ್ಯರ ಬಗ್ಗೆ ಸುಳ್ಳು ಹೇಳಬಹುದು ಎನ್ನುವವರು ಇದನ್ನು ಎತ್ತಿ ತೋರಿಸುತ್ತಾರೆ. ಅದು ಸರಿಯೂ ಹೌದು. ಆದರೆ ಕಂಪ್ಯೂಟರ್ ಮಾದರಿ ಇದ್ದಿದ್ದರೆ ಉಳಿಸುತ್ತಿತ್ತಾ? ಮದ್ದು ಹೋಗಿ ಕೂರುವ ಸಿಡಿ28 ಎಂಬ ಪ್ರೋಟೀನ್, ಮನುಷ್ಯರ ಒಂದು ಬಗೆಯ ಟಿ ಕೋಶಗಳಲ್ಲಿದ್ದು (ರೋಗದ ವಿರುದ್ಧ ಹೋರಾಡುವ ರಕ್ತಕಣಗಳು ಇವು) ಆ ಕೋತಿಗಳ ಅಂಥದೇ ಕೋಶಗಳಲ್ಲಿಲ್ಲ ಎಂಬ ವಿವರಣೆ ಪ್ರಕಟವಾದದ್ದು 2010ರಲ್ಲಿ. 2006ರ ತಿಳಿವಳಿಕೆಯಿಂದ ಕಟ್ಟಿದ ಮಾದರಿಯಲ್ಲೂ ಆ ಸಂಗತಿ ಇರುತ್ತಿರಲಿಲ್ಲ. ಟಿಜಿಎನ್1412 ಕೂಡ ಒಂದು ಮೊನೊಕ್ಲೋನಲ್ ಆ್ಯಂಟಿಬಾಡಿ. ಎಫ್‌ಡಿಎ ಪ್ರಾಣಿ ಪರೀಕ್ಷೆ ಬಿಡಲು ಮೊದಲು ಆರಿಸಿಕೊಂಡಿರುವುದೂ ಇದೇ ಗುಂಪಿನ ಮದ್ದುಗಳನ್ನು.

ಮುಂದೆ ಏನಾಗಬಹುದು

ಮೊದಲನೆಯದಾಗಿ, ಒಪ್ಪಿಗೆ ಸಿಗುವುದು ಮಾದರಿಗಳಿಗೆ ಒಟ್ಟಾಗಿ ಅಲ್ಲ, ಒಂದೊಂದು ಪ್ರಶ್ನೆಗೆ ಒಂದೊಂದಾಗಿ. ಎಫ್‌ಡಿಎ ವೈದ್ಯಕೀಯ ಸಾಧನಗಳ ವಿಷಯದಲ್ಲಿ 2023ರಲ್ಲೇ ಇಂಥ ಮಾರ್ಗಸೂಚಿ ತಂದಿದೆ. ಮಾದರಿ ಯಾವ ಪ್ರಶ್ನೆಗೆ, ಉತ್ತರ ತಪ್ಪಾದರೆ ಯಾರಿಗೆ ಎಷ್ಟು ಅಪಾಯ ಎಂದು ಮೊದಲು ಬರೆಯಬೇಕು. ಅಪಾಯ ಹೆಚ್ಚಾದಷ್ಟೂ ಪುರಾವೆಯೂ ಹೆಚ್ಚು ಬೇಕು. ಹೃದಯದ ಬಡಿತ, ಸಕ್ಕರೆ, ಮದ್ದು ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬಂಥ ವಿಷಯಗಳು ಬೇಗ ಮಾದರಿಯ ಕಡೆಗೆ ಹೋಗುತ್ತವೆ. ರೋಗನಿರೋಧಕ ವ್ಯವಸ್ಥೆ, ಗರ್ಭದಲ್ಲಿರುವ ಮಗುವಿನ ಮೇಲಿನ ಪರಿಣಾಮ ತಡವಾಗುತ್ತವೆ.

ಎರಡನೆಯದು, ಉತ್ತರ ಮುಚ್ಚಿಟ್ಟ ಪರೀಕ್ಷೆಗಳು ಕೋಶದ ಮಾದರಿಗಳಿಗೂ ಬರುತ್ತಿವೆ. ಆರ್ಕ್ ಇನ್‌ಸ್ಟಿಟ್ಯೂಟ್ 2025ರಲ್ಲೇ ಅಂಥ ಸ್ಪರ್ಧೆ ಶುರು ಮಾಡಿತು. ಮನುಷ್ಯರ ಕಾಂಡಕೋಶದಲ್ಲಿ ಜೀನ್‌ಗಳನ್ನು ಕುಗ್ಗಿಸಿ ಅಳೆದು, ಕೆಲವು ಫಲಿತಾಂಶಗಳನ್ನು ಮಾತ್ರ ಹೊರಗೆ ಕೊಟ್ಟು, ಉಳಿದದ್ದನ್ನು ಊಹಿಸಲು ಹೇಳಿತು. ಮಾದರಿ ಕಟ್ಟುವವರೇ ಸ್ವತಃ ಇಂಥ ಪರೀಕ್ಷೆ ಕೇಳಿ ಪಡೆಯುತ್ತಿರುವುದು ಒಳ್ಳೆಯ ಲಕ್ಷಣ.

ನನಗೆ ಭಯ ಇರುವುದು ಹಣದ ವಿಷಯದಲ್ಲಿ. ಮಾದರಿ ಇದೆಯಲ್ಲ ಎಂದು ಲ್ಯಾಬಿನ ಅಳತೆಗಳಿಗೆ ಕೊಡುವುದನ್ನು ಕಡಿತ ಮಾಡಿದರೆ ಮಾದರಿಗಳೇ ಸೊರಗುತ್ತವೆ. 1952ರ ಸಮೀಕರಣಗಳ ಹಿಂದೆ ಸ್ಕ್ವಿಡ್‌ನ ಮೇಲೆ ಮಾಡಿದ ಅಳತೆಗಳಿದ್ದವು, ಆಲ್ಫಾಫೋಲ್ಡ್‌ನ ಹಿಂದೆ ರಚನೆ ನೋಡಲೆಂದು ಪ್ರೋಟೀನ್‌ಗಳ ಹರಳು ಬೆಳೆಸುತ್ತಾ ಕೂತವರ ಐವತ್ತು ವರ್ಷದ ದುಡಿಮೆ ಇತ್ತು. ಟಿಜಿಎನ್1412ರ ಗುಟ್ಟು ರಟ್ಟಾದದ್ದೂ ಲ್ಯಾಬಿನ ಮೇಜಿನ ಮೇಲೆ. ದುರಂತದ ನಂತರ ಸಂಶೋಧಕರು ಆ ಮದ್ದನ್ನು ತಟ್ಟೆಗೆ ಅಂಟುವಂತೆ ಒಣಗಿಸಿ, ಮನುಷ್ಯರ ರಕ್ತದಿಂದ ತೆಗೆದ ಕೋಶಗಳನ್ನು ಅದರ ಮೇಲೆ ಹಾಕಿದರು. ದ್ರಾವಣದಲ್ಲಿ ಬೆರೆಸಿದಾಗ ಸುಮ್ಮನಿದ್ದ ಕೋಶಗಳು ಈಗ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಸೈಟೊಕೈನ್ ಎಂಬ ಪ್ರೋಟೀನ್‌ಗಳನ್ನು ಉಕ್ಕಿಸಿದವು. ಪ್ರಾಣಿ ಪರೀಕ್ಷೆಯಿಂದ ಉಳಿಯುವ ಹಣ ಹೋಗಬೇಕಾದದ್ದು ಮನುಷ್ಯರ ಕೋಶಗಳ ಮೇಲಿನ ಇಂಥ ಪ್ರಯೋಗಗಳಿಗೆ. ಬೇರೆ ಬೇರೆ ಜನರಿಂದ, ಬೇರೆ ಬೇರೆ ಅಂಗಗಳಿಂದ ತೆಗೆದ ಕೋಶಗಳಲ್ಲಿ ಅವು ನಡೆಯಬೇಕು, ಫಲಿತಾಂಶಗಳು ಎಲ್ಲರಿಗೂ ಸಿಗುವ ಭಂಡಾರಕ್ಕೆ ಸೇರಬೇಕು.